ಕೊಳೆಯೆಂಬ ಒಂದೇ ಹೆಸರು

ಆಶ್ಲೇಷಾ ಮಳೆ ಹಿಡಿದು ಎಂಟು ದಿನವಾಗಿ, ಮೂಡಿಗೆರೆಯ ಆಚೆಯ ಗುಡ್ಡಗಳೆಲ್ಲ ಮಂಜಿನಲ್ಲಿ ಮುಳುಗಿ, ನಡುಹಗಲಿನಲ್ಲಿಯೂ ಒಳಮನೆಯಲ್ಲಿ ದೀಪ ಬೇಕೆನಿಸುವ ದಿನಗಳಲ್ಲಿ, ತೋಟದ ಮೇಸ್ತ್ರಿ ಕಂಬಳಿಕೊಪ್ಪೆಯನ್ನು ಜಗಲಿಯ ಕಂಬಕ್ಕೆ ತಗುಲಿಹಾಕಿ, ಕಾಲಿಗೆ ಹತ್ತಿದ ಜಿಗಣೆಗಳನ್ನು ಸುಣ್ಣ ಮುಟ್ಟಿಸಿ ಉದುರಿಸುತ್ತ, “ಅಯ್ಯಾ, ಹಳ್ಳದ ಬದಿಗೆ ಕೊಳೆ ಬಿದ್ದಿದೆ” ಎಂದನೆಂದರೆ, ಆ ಮನೆಯಲ್ಲಿ ಅಂದಿನ ಮಾತುಕತೆಯ ಧಾಟಿಯೇ ಬದಲಾಗಿಬಿಡುತ್ತದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಈ ಸೀಮೆಯಲ್ಲಿ ಆ ಎರಡಕ್ಷರಕ್ಕಿರುವ ಭಾರವು ಬಯಲುಸೀಮೆಯ ಒಕ್ಕಲಿಗನಿಗೆ ಬರವೆಂಬ ಮಾತಿಗಿರುವ ಭಾರಕ್ಕಿಂತ ಕಡಿಮೆಯದಲ್ಲ. ಆದರೆ ಆ ಮಾತಿನಲ್ಲಿ ಒಂದು ತೊಡಕುಂಟು. ಕಾಫಿಗೆ ಬಂದರೂ ಅದು ಕೊಳೆಯೇ, ಅಡಕೆಗೆ ಬಂದರೂ ಕೊಳೆಯೇ, ಏಲಕ್ಕಿಯ ಬುಡ ಮೆತ್ತಗಾದರೂ ಕೊಳೆಯೇ, ಮೆಣಸಿನ ಬಳ್ಳಿ ಮೂರು ದಿನದಲ್ಲಿ ಎಲೆ ಉದುರಿಸಿ ಬೋಳಾಗಿ ನಿಂತರೂ ಅನೇಕರ ಬಾಯಲ್ಲಿ ಅದೂ ಕೊಳೆಯೇ. ಹೆಸರು ಒಂದಾದುದರಿಂದ ಔಷಧವೂ ಒಂದೇ ಇರಬೇಕೆಂಬ ಭಾವನೆ ನಮ್ಮಲ್ಲಿ ಬೇರೂರಿದೆ; ಆ ಭಾವನೆಯಿಂದ ನಮಗಾಗಿರುವ ನಷ್ಟವು ರೋಗದಿಂದಾದ ನಷ್ಟಕ್ಕೆ ಎಷ್ಟೋ ವೇಳೆ ಸಮನಾಗಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಮಾತಿಗೆ ಒಂದು ಚರಿತ್ರೆಯೂ ಇದೆ. ಕನ್ನಡಿಗರು ಅದನ್ನು ಅರಿತಿರಬೇಕು. ಮೈಸೂರು ಸೀಮೆಯ ಕಾಫಿ ತೋಟಗಳಿಂದ ಕಪ್ಪಾಗಿ ಕೊಳೆತ ಎಲೆಗಳು ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಶಿಲೀಂಧ್ರಶಾಸ್ತ್ರಜ್ಞ ಎಂ. ಸಿ. ಕುಕ್ ಅವರ ಮೇಜನ್ನು ಸೇರಿದವು. 1876ರಲ್ಲಿ ಅವರು ಆ ಎಲೆಯ ಮೇಲಿದ್ದ ಜೀವಿಗೆ ನಾಮಕರಣ ಮಾಡುವಾಗ, ತೋಟದ ಜನ ಆಡುತ್ತಿದ್ದ ಮಾತನ್ನೇ ಎತ್ತಿಕೊಂಡು ‘ಪೆಲ್ಲಿಕ್ಯುಲೇರಿಯ ಕೊಲೆರೋಗ’ ಎಂದು ಕರೆದರು. 1958ರಲ್ಲಿ ಡೊಂಕ್ ಎಂಬ ಡಚ್ ವಿದ್ವಾಂಸರು ಆ ಮಾತನ್ನು ಇನ್ನೂ ಒಂದು ಮೆಟ್ಟಿಲು ಮೇಲೇರಿಸಿ, ಕುಲನಾಮವನ್ನಾಗಿಯೇ ಮಾಡಿ, ‘ಕೊಲೆರೋಗ ನಾಕ್ಸಿಯ’ ಎಂದರು. ಈಚಿನ ಪಂಡಿತರು ಅದನ್ನು ಬೇರೆ ಕುಲಕ್ಕೆ ಸೇರಿಸಿರುವರಾದರೂ, ಸಸ್ಯರೋಗಶಾಸ್ತ್ರದ ಗ್ರಂಥಗಳಲ್ಲಿ ಲ್ಯಾಟಿನ್ ಪದಗಳ ನಡುವೆ ನಮ್ಮ ಮಲೆನಾಡಿನ ಕೂಲಿಯಾಳಿನ ಮಾತು ಇಂದಿಗೂ ಉಳಿದುಬಂದಿದೆ. ಅಭಿಮಾನಪಡತಕ್ಕ ಸಂಗತಿಯೇ ಹೌದು. ಆದರೂ ಒಂದು ಭಾಷೆಯ ಮಾತು ಹೀಗೆ ಲೋಕವಿಖ್ಯಾತವಾದುದು ಒಂದು ಅನಿಷ್ಟದ ಮೂಲಕವಲ್ಲವೇ ಎಂದು ನೆನೆದಾಗ ಮನಸ್ಸು ಸ್ವಲ್ಪ ಕುಗ್ಗುತ್ತದೆ.

ಕಾಫಿಯ ಕೊಳೆಯನ್ನು ಒಮ್ಮೆ ಹತ್ತಿರದಿಂದ ಕಂಡವರು ಮರೆಯಲಾರರು. ಮೂರು ಕಡೆ ಗುಡ್ಡ ಎದ್ದು ನಡುವೆ ತಡಿಯಂತೆ ತಗ್ಗಿದ ಜಾಗ, ಮೇಲೆ ದಟ್ಟವಾದ ನೆರಳು, ಹತ್ತು ಗಂಟೆಯಾದರೂ ಕರಗದ ಮಂಜು. ಇಂಥ ಎಡೆಯಲ್ಲಿ ಗಿಡದ ಒಳಗೆ ಕೈಹಾಕಿ ಒಂದು ರೆಕ್ಕೆಯನ್ನು ಮೇಲೆತ್ತಿದರೆ, ಕಪ್ಪಾದ ಎಲೆಗಳು ತೊಟ್ಟು ಕಳಚಿಕೊಂಡಿದ್ದರೂ ನೆಲಕ್ಕೆ ಬೀಳದೆ, ಬಿಳಿಯ ನವಿರಾದ ಒಂದು ಎಳೆಯನ್ನು ಹಿಡಿದು ತೂಗಾಡುತ್ತಿರುತ್ತವೆ. ಆ ಎಳೆಯೇ ಶಿಲೀಂಧ್ರ. ಅದು ರೆಂಬೆಯ ಉದ್ದಕ್ಕೂ ಹರಿದು, ಎಲೆಯ ತಳಭಾಗದಲ್ಲಿ ಜೇಡನ ಬಲೆಯಂತೆ ಹಾಸಿಕೊಂಡು, ಅಲ್ಲಿಂದ ಕಾಯಿಗೊಂಚಲಿಗೆ ದಾಟಿ, ಗೊಂಚಲನ್ನೆಲ್ಲ ಒಂದು ಮುದ್ದೆಯಾಗಿ ಅಂಟಿಸಿಬಿಡುತ್ತದೆ. ಬೆರಳಿನಿಂದ ಮುಟ್ಟಿದರೆ ಲೋಳೆ. ಮೂಗಿಗೆ ಹಿಡಿದರೆ ತರಗು ನೆನೆದ ವಾಸನೆ. ಮಳೆ ನಿಂತು ಬಿಸಿಲು ಕಂಡಿತೆಂದರೆ ಅದೆಲ್ಲ ಒಣಗಿ ಉದುರಿ, ಇಲ್ಲಿ ಏನೂ ನಡೆದೇ ಇರಲಿಲ್ಲವೆಂಬಂತೆ ಗಿಡ ನಿಲ್ಲುತ್ತದೆ. ಆದರೆ ರೆಂಬೆಯ ತೊಗಟೆಯ ಮೇಲೆ ಆ ಎಳೆ ನಿದ್ರಿಸುತ್ತ ಮುಂದಿನ ಮುಂಗಾರನ್ನು ಕಾದಿರುತ್ತದೆ. ಆದಕಾರಣವೇ ಹಿಂದಿನ ಬೆಳೆಗಾರರು ಮೃಗಶಿರೆಗೆ ಮುಂಚೆ ಮರಗಸಿ ಮುಗಿಸಿ, ಗಿಡದ ಹೊಟ್ಟೆಯೊಳಗಣ ಚಿಗುರನ್ನೆಲ್ಲ ತೆಗೆಸಿ, ಗಾಳಿಗೂ ಬೆಳಕಿಗೂ ದಾರಿ ಮಾಡಿಕೊಡುವುದನ್ನು ವ್ರತದಂತೆ ಪಾಲಿಸುತ್ತಿದ್ದರು. ಈ ಶಿಲೀಂಧ್ರಕ್ಕೆ ವಿಷಕ್ಕಿಂತ ಗಾಳಿಯೇ ಹೆಚ್ಚಿನ ಶತ್ರು.

ಅಡಕೆಯ ಕೊಳೆ ಇದರ ಬಂಧುವೂ ಅಲ್ಲ, ನೆರೆಯದೂ ಅಲ್ಲ. ಕೆನಡಾ ದೇಶದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ಇದೂ ಒಂದು. ಮಲೆನಾಡಿನ ಅಡಕೆ ತೋಟಗಳಲ್ಲಿ ಮಳೆಗಾಲದಲ್ಲಿ ನಿಂತು, ಉದುರಿದ ಕಾಯಿಗಳ ಮೇಲಣ ಬಿಳಿಯ ಬೂಸ್ಟನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, 1910ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ ಅದು ಫೈಟಾಫ್ತೊರ ಕುಲದ್ದೆಂದು ನಿರ್ಣಯಿಸಿದರು. ಫೈಟಾಫ್ತೊರ ಎಂದರೆ ಸಸ್ಯನಾಶಕ. ಐರ್ಲೆಂಡಿನ ಆಲೂಗೆಡ್ಡೆಯನ್ನು 1845ರಲ್ಲಿ ಹಾಳುಮಾಡಿ ಲಕ್ಷಾಂತರ ಜನರನ್ನು ಹಸಿವಿನಿಂದ ಕೊಂದದ್ದು ಇದೇ ಕುಲ. ಕುಲಕ್ಕೆ ಆ ಹೆಸರನ್ನು ಜರ್ಮನಿಯ ಡಿ ಬಾರಿ ಎಂಬ ವಿಜ್ಞಾನಿ ಕೊಟ್ಟದ್ದು, ಕುಕ್ ಅವರು ನಮ್ಮ ಕಾಫಿಯ ಕೊಳೆಗೆ ಹೆಸರಿಟ್ಟ ಅದೇ 1876ರಲ್ಲಿ. ಹೊರನೋಟಕ್ಕೆ ಇದೂ ಬೂಸ್ಟಿನಂತೆ ಕಂಡರೂ, ಶಾಸ್ತ್ರಜ್ಞರು ಇಂದು ಇದನ್ನು ನಿಜವಾದ ಶಿಲೀಂಧ್ರವೆಂದು ಎಣಿಸುವುದಿಲ್ಲ. ಕಡಲಿನ ಕಂದು ಪಾಚಿಗಳಿಗೆ ಇದು ಹೆಚ್ಚು ಹತ್ತಿರದ್ದು. ಇದರ ಬೀಜಾಣುಗಳಿಗೆ ಎರಡೆರಡು ಬಾಲಗಳಿದ್ದು, ನೀರಿನ ತೆಳುಪೊರೆಯಲ್ಲಿ ಅವು ಈಜಬಲ್ಲವು. ಕೊನೆಯ ಮೇಲೆ ಬಿದ್ದ ಮಳೆಹನಿ ಸಿಡಿದಾಗಲೆಲ್ಲ ಇವುಗಳಿಗೆ ಒಂದು ಪ್ರಯಾಣವಾಯಿತೆಂದೇ ತಿಳಿಯಬೇಕು.

ಕೋಲ್ಮನ್ನರಿಗಿಂತ ಎಷ್ಟೋ ಕಾಲದ ಹಿಂದೆಯೇ, ಸೂಕ್ಷ್ಮದರ್ಶಕವೆಂಬುದನ್ನು ಕಂಡರಿಯದ ನಮ್ಮ ತೋಟಿಗರು ಈ ಸಂಗತಿಯನ್ನು ತಮ್ಮದೇ ಆದ ರೀತಿಯಲ್ಲಿ ಗ್ರಹಿಸಿದ್ದರು. ಕರಡದ ಹುಲ್ಲಿನಿಂದ ಕೊಟ್ಟೆ ಹೆಣೆದು, ಮಳೆಗೆ ಮುನ್ನ ಕೊನೆಗಾರನನ್ನು ಮರ ಹತ್ತಿಸಿ, ಪ್ರತಿಯೊಂದು ಕೊನೆಗೂ ಅದನ್ನು ಕಟ್ಟಿಸುತ್ತಿದ್ದರು. ನೀರು ತಾಗದಿದ್ದರೆ ಕೊಳೆಯಿಲ್ಲವೆಂಬುದು ಅವರ ಸಿದ್ಧಾಂತ. ಅದು ಶಾಸ್ತ್ರಕ್ಕೆ ಎಳ್ಳಷ್ಟೂ ವಿರುದ್ಧವಲ್ಲ. ಕೋಲ್ಮನ್ನರು ಮಾಡಿದ ಮಹದುಪಕಾರವೆಂದರೆ, ಕೊಟ್ಟೆ ಕಟ್ಟುವ ಜೊತೆಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಮಲೆನಾಡಿಗೆ ಕಲಿಸಿದ್ದು. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ಬಳ್ಳಿಗೆ ಬಳಿಯುತ್ತಿದ್ದ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವು ಬೂಜುರೋಗವನ್ನೂ ತಡೆಯುತ್ತದೆಯೆಂಬುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿ 1885ರಲ್ಲಿ ಪ್ರಕಟಪಡಿಸಿದ್ದರು. ಆ ದ್ರಾಕ್ಷಿಯ ರೋಗವೂ ನಮ್ಮ ಅಡಕೆಯ ಕೊಳೆಯ ದಾಯಾದಿಯೇ ಆದುದರಿಂದ, ಮದ್ದು ಇಲ್ಲಿಯೂ ಫಲಿಸಿತು.

ಆ ಮದ್ದನ್ನು ಕೂಡಿಸುವ ಕ್ರಮವನ್ನು ಬಲ್ಲ ಕೈಗಳು ಈಗ ಕಡಿಮೆಯಾಗುತ್ತಿವೆಯಾದ್ದರಿಂದ ಇಲ್ಲಿ ಹೇಳುವುದು ಅಪ್ರಸ್ತುತವಲ್ಲ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು. 1 ಕಿಲೋ ಒಳ್ಳೆಯ ಸುಟ್ಟಸುಣ್ಣವನ್ನು ಅರಳಿಸಿ, ಸೋಸಿ, ಬೇರೆ 50 ಲೀಟರ್ ನೀರಿಗೆ ಕೂಡಿಸಬೇಕು. ಪಾತ್ರೆ ಮರದ್ದೋ ಪ್ಲಾಸ್ಟಿಕ್ಕಿನದೋ ಆಗಿರಬೇಕು, ಕಬ್ಬಿಣದ್ದಾಗಕೂಡದು. ತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣಧಾರೆಯಾಗಿ ಹೊಯ್ಯುತ್ತ ಕೋಲಿನಿಂದ ಕಲಕುತ್ತಿದ್ದರೆ, ನವಿಲಿನ ಕೊರಳಿನ ಬಣ್ಣವು ತಿಳಿಯಾದ ಆಕಾಶದ ಬಣ್ಣಕ್ಕೆ ತಿರುಗುತ್ತದೆ. ಆಗ ಉಜ್ಜಿ ಹೊಳಪುಮಾಡಿದ ಚೂರಿಯ ಅಲಗನ್ನು ಅದರಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದು ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು, ದ್ರಾವಣ ಎಲೆಯನ್ನು ಸುಡುತ್ತದೆ. ಕೆಂಪಿಲ್ಲದಿದ್ದರೆ ಹದ ಸರಿ. ಈ ಚೂರಿಯ ಪರೀಕ್ಷೆಗೆ ಯಾವ ಯಂತ್ರವೂ ಬೇಡ, ಯಾವ ಕಾಸೂ ಬೇಡ. ಆದರೆ ಮಳೆ ಹೊಳವಾದ ಅರ್ಧ ದಿನದಲ್ಲಿ ಹತ್ತು ಬ್ಯಾರಲ್ ಹೊಡೆದು ಮುಗಿಸಬೇಕೆಂಬ ಆತುರದಲ್ಲಿ ಮೊದಲು ಬಿಟ್ಟುಹೋಗುವುದು ಇದೇ.

ಮೆಣಸಿನ ಶೀಘ್ರ ಸೊರಗುರೋಗವೂ ಫೈಟಾಫ್ತೊರ ಕುಲದ ಇನ್ನೊಂದು ಜಾತಿಯ ಕೃತ್ಯ. ಅದು ನೆಲದಲ್ಲಿದ್ದು, ನೀರು ನಿಂತ ಬುಡದ ಮೂಲಕ ಬಳ್ಳಿಯನ್ನು ಹಿಡಿಯುತ್ತದೆ. ಮೇಲೆ ಎಲೆ ಬಾಡುವ ಹೊತ್ತಿಗೆ ಕೆಳಗೆ ಬೇರು ಕೊಳೆತುಹೋಗಿರುತ್ತದೆ. ಇದಕ್ಕೆ ಬಸಿಗಾಲುವೆಯೇ ಮೊದಲ ಮದ್ದು. ಟ್ರೈಕೊಡರ್ಮವೆಂಬ ಉಪಕಾರಿ ಶಿಲೀಂಧ್ರವನ್ನು ಕೊಟ್ಟಿಗೆಗೊಬ್ಬರದಲ್ಲಿ ಬೆಳೆಸಿ ಬುಡಕ್ಕೆ ಕೊಡುವುದು ಈಗ ರೂಢಿಗೆ ಬಂದಿದೆ, ಒಳ್ಳೆಯದೇ. ಆದರೆ ಅದೇ ವಾರದಲ್ಲಿ ಅದೇ ಬುಡಕ್ಕೆ ಬೋರ್ಡೋ ದ್ರಾವಣವನ್ನೂ ಸುರಿದು, ಹಣ ಕೊಟ್ಟು ತಂದ ಮಿತ್ರನನ್ನು ತಾವೇ ಕೊಲ್ಲುವವರನ್ನು ನಾನು ಕಂಡಿದ್ದೇನೆ. ಶಿಲೀಂಧ್ರವೆಂದರೆಲ್ಲ ಒಂದೇ ಎಂಬ ಭ್ರಾಂತಿಯ ಫಲ ಇದು.

ಕಾಫಿಯ ಎಲೆ ತುಕ್ಕುರೋಗದ ಕಥೆ ಜಗತ್ತಿಗೆಲ್ಲ ತಿಳಿದದ್ದು. 1869ರಲ್ಲಿ ಸಿಂಹಳದ ಎಲೆಗಳಿಂದ ಬರ್ಕ್ಲಿ ಮತ್ತು ಬ್ರೂಮ್ ಎಂಬಿಬ್ಬರು ವರ್ಣಿಸಿದ ‘ಹೆಮಿಲಿಯಾ ವಾಸ್ಟಾಟ್ರಿಕ್ಸ್’ ಶಿಲೀಂಧ್ರವು ಎರಡು ದಶಕಗಳೊಳಗಾಗಿ ಆ ದ್ವೀಪದ ಕಾಫಿಯನ್ನು ನಿರ್ನಾಮಗೊಳಿಸಿ, ಅಲ್ಲಿ ಚಹಾ ಬೆಳೆಯುವಂತೆ ಮಾಡಿತು. ಅದನ್ನು ಪರಿಶೀಲಿಸಲು 1880ರಲ್ಲಿ ಹೋದ ತರುಣ ವಿಜ್ಞಾನಿ ಮಾರ್ಷಲ್ ವಾರ್ಡ್, ಗುಡ್ಡದ ಮೇಲೆ ಗುಡ್ಡ ಒಂದೇ ಗಿಡವನ್ನು ನಡುವೆ ತಡೆಯಿಲ್ಲದೆ ನೆಟ್ಟದ್ದೇ ಗಾಳಿಯಲ್ಲಿ ತೇಲುವ ಬೀಜಾಣುಗಳಿಗೆ ರಾಜಮಾರ್ಗವಾಯಿತೆಂದು ಕಂಡುಕೊಂಡರು. ಸಿಂಹಳದಲ್ಲಿ ಮೊದಲು ಕಾಣಿಸಿಕೊಂಡ ಹೆಚ್ಚುಕಡಿಮೆ ಅದೇ ಕಾಲಕ್ಕೆ ತುಕ್ಕು ನಮ್ಮ ಗುಡ್ಡಗಳನ್ನೂ ಏರಿತ್ತು. ಎಲೆಯ ತಳದಲ್ಲಿ ಕಿತ್ತಳೆ ಬಣ್ಣದ ಪುಡಿ. ಬೆರಳಿಗೆ ಅರಿಸಿನದಂತೆ ಹತ್ತುತ್ತದೆ. ಆ ಪುಡಿಯ ಕಣವೊಂದು ಅರ್ಧ ಮುಳ್ಳು, ಅರ್ಧ ನುಣುಪು. ಹೆಮಿಲಿಯಾ ಎಂಬ ಮಾತಿನ ಅರ್ಥವೂ ಅದೇ. ಬಾಬಾಬುಡನ್ ತಂದರೆಂಬ ಐತಿಹ್ಯದ ಏಳು ಬೀಜಗಳ ಪರಂಪರೆಯೆಂದು ನಾವು ನಂಬಿಕೊಂಡುಬಂದ, ಚಿಕ್ಕಮಗಳೂರಿನ ಹೆಸರನ್ನೇ ಹೊತ್ತ ‘ಚಿಕ್’ ತಳಿಯು ಕಾಂಡಕೊರಕಕ್ಕೂ ಈ ತುಕ್ಕಿಗೂ ಸಿಕ್ಕಿ ಕಣ್ಮರೆಯಾಯಿತು.

1911ರಲ್ಲಿ ಕೆಂಟ್ ಎಂಬ ಬೆಳೆಗಾರರು ತಮ್ಮ ತೋಟದಲ್ಲಿ ತುಕ್ಕು ತಾಗದ ಗಿಡವನ್ನು ಆರಿಸಿ ಬೆಳೆಸಿದರು; ಕೆಲವು ವರ್ಷ ಅದು ಎಲ್ಲರ ಆಶಾಕಿರಣವಾಗಿದ್ದು, ಕೊನೆಗೆ ಅದಕ್ಕೂ ತುಕ್ಕು ಹಿಡಿಯಿತು. ರೋಗದ ಹಾವಳಿ ಹೆಚ್ಚಿದಾಗ ಮೈಸೂರು ಸರ್ಕಾರವು 1915ರಲ್ಲಿ ಕೊಪ್ಪದಲ್ಲಿ ಒಂದು ತಾತ್ಕಾಲಿಕ ಕೇಂದ್ರವನ್ನೂ, 1925ರಲ್ಲಿ ಬಾಳೆಹೊನ್ನೂರಿನ ಬಳಿ ಕೋಲ್ಮನ್ನರ ಮುಂದಾಳ್ತನದಲ್ಲಿ ಸ್ಥಿರವಾದ ಪ್ರಯೋಗಶಾಲೆಯನ್ನೂ ತೆರೆಯಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ಅಲ್ಲಿ ವಿಲ್ಸನ್ ಮೇನ್ ಅವರು 1930ರ ದಶಕದಲ್ಲಿ, ತುಕ್ಕು ಒಂದಲ್ಲ, ನೋಟಕ್ಕೆ ಒಂದೇ ತೆರನಾದರೂ ಬೇರೆಬೇರೆ ತಳಿಗಳನ್ನು ಮುರಿಯಬಲ್ಲ ಬೇರೆಬೇರೆ ಪಂಗಡಗಳು ಅದರಲ್ಲಿವೆಯೆಂದು ತೋರಿಸಿಕೊಟ್ಟರು. ಕೆಂಟ್ ತಳಿ ಏಕೆ ಸೋತಿತೆಂಬುದಕ್ಕೆ ಅದು ಉತ್ತರ. ಈಗ ಅಂಥ ಪಂಗಡಗಳು ಲೋಕದಲ್ಲಿ 50ಕ್ಕೂ ಹೆಚ್ಚು. ಕೆಂಟನ್ನೇ ಇನ್ನೊಂದರೊಡನೆ ಕೂಡಿಸಿ 1940ರ ದಶಕದಲ್ಲಿ ಬೆಳೆಗಾರರ ಕೈಗೆ ಬಂದ ಎಸ್. 795 ಇಂದಿಗೂ ನಮ್ಮ ಅರೇಬಿಕಾ ತೋಟಗಳಲ್ಲಿ ನಿಂತಿದೆ, ಅದರ ನಿರೋಧಶಕ್ತಿ ಮೊದಲಿನಷ್ಟಿಲ್ಲದಿದ್ದರೂ. 1985ರಲ್ಲಿ ಬಂದ ಕಾವೇರಿ ತಳಿಯು ಕೆಲವೇ ವರ್ಷಗಳಲ್ಲಿ ಸೋತಿತು. 2007ರಲ್ಲಿ ಚಂದ್ರಗಿರಿ ಬಂದಿತು. ಒಂದೊಂದು ತಳಿಯ ಹಿಂದೆಯೂ ಒಬ್ಬೊಬ್ಬ ಸಂಶೋಧಕನ ಅರ್ಧ ಆಯುಷ್ಯವಿದೆ. ಅದನ್ನು ಮುರಿಯಲು ಶಿಲೀಂಧ್ರಕ್ಕೆ ಬೇಕಾದದ್ದು ಎಲೆಯ ಮೇಲೆ ಒಂದು ರಾತ್ರಿ ನಿಂತ ನೀರು.

ಇವೆಲ್ಲ ಕಣ್ಣಿಗೆ ಕಾಣುವ ರೋಗಗಳು. ಕಾಣದೆ ಕೊಲ್ಲುವ ರೋಗಗಳು ನೆಲದೊಳಗಿವೆ. ಅವನ್ನು ಕುರಿತು ನಮ್ಮಲ್ಲಿ ಇರಬೇಕಾದಷ್ಟು ಎಚ್ಚರವಿಲ್ಲವೆಂಬುದೇ ಈ ಬರೆಹಕ್ಕೆ ನನ್ನನ್ನು ಪ್ರೇರಿಸಿದ್ದು. ನೆರಳಿಗೆ ನಿಂತಿದ್ದ ಹಾಲವಾಣವನ್ನೋ ಸಿಲ್ವರ್ ಮರವನ್ನೋ ಕಡಿದು, ದಿಮ್ಮಿಯನ್ನು ಲಾರಿಗೆ ಹಾಕಿ, ಬೊಡ್ಡೆಯನ್ನು ನೆಲದಲ್ಲಿಯೇ ಬಿಟ್ಟಾಗ, ಆ ಸಾಯುತ್ತಿರುವ ಬೊಡ್ಡೆ ಫೆಲ್ಲಿನಸ್ ಎಂಬ ಶಿಲೀಂಧ್ರಕ್ಕೆ ಉಗ್ರಾಣವಾಗಬಲ್ಲದು. ಅದು ಅಲ್ಲಿ ಕೊಬ್ಬಿ, ಬೇರಿನಿಂದ ಬೇರಿಗೆ ಮುಟ್ಟುತ್ತ, ನೆಲದಡಿಯಲ್ಲಿ ನಡೆದು ಸುತ್ತಲಿನ ಕಾಫಿಗಿಡಗಳನ್ನು ಹಿಡಿಯುತ್ತದೆ. ಮೊದಲು ಒಂದು ಗಿಡದ ಎಲೆ ಹಳದಿಯಾಗಿ ಬಾಗುತ್ತದೆ. ನೀರು ಸಾಲದೆಂದು ಭಾವಿಸುತ್ತೇವೆ. ಮರುವರ್ಷ ಅದರ ಪಕ್ಕದ ಎರಡು. ಅಷ್ಟರಲ್ಲಿ ಬೊಡ್ಡೆಯ ನೆನಪೇ ಯಾರಿಗೂ ಇರುವುದಿಲ್ಲ. ಸತ್ತ ಗಿಡವನ್ನು ಕಿತ್ತು ನೋಡಿದರೆ, ಮಣ್ಣೂ ಕಲ್ಲೂ ಬೇರಿಗೆ ಗಾರೆಯಂತೆ ಕಚ್ಚಿಕೊಂಡಿರುತ್ತವೆ, ತೊಳೆದರೂ ಬಿಡುವುದಿಲ್ಲ. ಆ ಅಂಟು ಶಿಲೀಂಧ್ರದ ಕಂದು ಪೊರೆಯದು; ಇದೇ ಕಂದು ಬೇರುರೋಗ. ಕೆಂಪು ಬೇರುರೋಗ, ಕಪ್ಪು ಬೇರುರೋಗಗಳೆಂದು ಇದೇ ಬಗೆಯ ಇನ್ನೆರಡುಂಟು. ನಾಲ್ಕನೆಯದಕ್ಕೆ ನಮ್ಮ ಜಿಲ್ಲೆಯ ಊರಿನ ಹೆಸರೇ ಇದೆ: ಸಂತವೇರಿ ಬೇರುರೋಗ. ಫ್ಯುಸೇರಿಯಮ್ ಎಂಬ ಶಿಲೀಂಧ್ರದಿಂದ ಬರುವ ಈ ರೋಗದಲ್ಲಿ ಬೇರಿನ ಒಳತಿರುಳಿಗೆ ಬಣ್ಣವೇರಿ, ಗಿಡ ನಿಂತಲ್ಲಿಯೇ ಒಣಗುತ್ತದೆ.

ಕಂದು ಬೇರುರೋಗಕ್ಕೆ ಎಲೆಯ ಮೇಲೆ ಹೊಡೆಯುವ ಯಾವ ಮದ್ದೂ ತಟ್ಟುವುದಿಲ್ಲ. ಬೊಡ್ಡೆಯನ್ನೂ ಸತ್ತ ಗಿಡವನ್ನೂ ಬೇರುಸಹಿತ ಅಗೆದು ಸ್ಥಳದಲ್ಲಿಯೇ ಸುಡಬೇಕು. ರೋಗದ ಗಿಡಗಳ ಸುತ್ತ 2 ಅಡಿ ಆಳ, 1 ಅಡಿ ಅಗಲದ ಕಂದಕವನ್ನು ತೋಡಿ, ತೆಗೆದ ಮಣ್ಣನ್ನು ವೃತ್ತದ ಒಳಕ್ಕೇ ಹಾಕಬೇಕು. ಗುಂಡಿಗೆ ಸುಣ್ಣ ಕೊಟ್ಟು ಕೆಲವು ತಿಂಗಳು ಬರಿದು ಬಿಡಬೇಕು. ಚಹಾ ತೋಟಗಳಲ್ಲಿ ಇದಕ್ಕೂ ಮುಂದಾಲೋಚನೆಯ ಒಂದು ಕ್ರಮವಿದೆ: ಕಡಿಯಬೇಕಾದ ಮರದ ತೊಗಟೆಯನ್ನು ಮೊದಲೇ ಬಳೆಯಂತೆ ಸುತ್ತ ತೆಗೆದು, ಬೇರಿನಲ್ಲಿ ಕೂಡಿಟ್ಟ ಆಹಾರವೆಲ್ಲ ತೀರಿದ ಮೇಲೆ ಮರವನ್ನು ಉರುಳಿಸುತ್ತಾರೆ, ಆಗ ಶಿಲೀಂಧ್ರಕ್ಕೆ ಉಣ್ಣಲು ಹೆಚ್ಚೇನೂ ಉಳಿದಿರುವುದಿಲ್ಲ. ಮರದ ಬೆಲೆ ಏರಿದ ವರ್ಷ ಅಡ್ವಾನ್ಸ್ ಪಡೆದು ಒಂದೇ ವಾರದಲ್ಲಿ ಐವತ್ತು ಮರ ಉರುಳಿಸುವವರಿಗೆ ಇದು ನಿಧಾನವೆಂದು ತೋರಬಹುದು.

ಕಳಸದ ಕಡೆಗೆ ಹೋದರೆ ಇಂದಿನ ದೊಡ್ಡ ದುಃಖ ಇದಾವುದೂ ಅಲ್ಲ. ಸಂಸೆ, ಹಿರೇಬೈಲು, ಹೊರನಾಡುಗಳ ಕಣಿವೆಗಳಲ್ಲಿ ಭದ್ರೆಯ ಬದಿಯ ಅಡಕೆ ತೋಟಗಳಿಗೆ ಈ ಕೆಲವು ವರ್ಷಗಳಿಂದ ಎಲೆಚುಕ್ಕಿರೋಗ ತಗುಲಿದೆ. ಹಳದಿ ಅಂಚಿನ ಸಣ್ಣ ಕಂದು ಚುಕ್ಕೆಗಳು ಸೋಗೆಯ ಮೇಲೆ ಮೂಡಿ, ಒಂದಕ್ಕೊಂದು ಕೂಡಿ, ಸೋಗೆಯೇ ಬೆಂಕಿ ತಾಗಿದಂತೆ ಒಣಗಿ ಜೋಲುತ್ತದೆ. ಹಸುರು ಸೋಗೆ ನಾಲ್ಕಕ್ಕಿಳಿದ ಮರ ಫಲ ಹೊರಲಾರದು. ಹಿಂದೆಯೂ ಈ ಚುಕ್ಕೆ ಅಲ್ಲಲ್ಲಿ ಇತ್ತು, ಆದರೆ ಯಾರೂ ಅದನ್ನು ರೋಗವೆಂದು ಗಣಿಸುತ್ತಿರಲಿಲ್ಲ. ಪರೀಕ್ಷಿಸಿದ ವಿಜ್ಞಾನಿಗಳಿಗೆ ಆ ಚುಕ್ಕೆಗಳಲ್ಲಿ ಒಂದಲ್ಲ, ಹಲವು ಶಿಲೀಂಧ್ರಗಳು ಸಿಕ್ಕಿವೆ. ಅವುಗಳಲ್ಲಿ ಕೊಲೆಟೊಟ್ರೈಕಮ್ ಕುಲದ್ದು ಪ್ರಧಾನ. ಇಲ್ಲಿ ನೋಡಿ, ಲೆಕ್ಕ ತಿರುಗುಮುರುಗಾಗುತ್ತದೆ. ಕೊಳೆಯಲ್ಲಿ ಒಂದು ಹೆಸರಿನಡಿ ಹಲವು ಕುಲಗಳಿದ್ದರೆ, ಇಲ್ಲಿ ಒಂದೇ ಕುಲವು ಹಲವು ಹೆಸರುಗಳಲ್ಲಿ ಸಂಚರಿಸುತ್ತದೆ: ಅಡಕೆಯಲ್ಲಿ ಎಲೆಚುಕ್ಕಿ, ಕಾಫಿಯಲ್ಲಿ ರೆಂಬೆ ಒಣಗುವ ರೋಗ, ಮೆಣಸಿನಲ್ಲಿ ಕಾಯಿ ಟೊಳ್ಳಾಗುವ ರೋಗ. ಆಫ್ರಿಕದಲ್ಲಿ 1922ರಲ್ಲಿ ಕೀನ್ಯಾ ದೇಶದಲ್ಲಿ ಕಾಣಿಸಿಕೊಂಡು ಹಸಿರು ಕಾಫಿಕಾಯಿಯನ್ನೇ ಕರಕಲು ಮಾಡುವ ರೋಗವೂ ಇದೇ ಕುಲದ್ದು. ಅದು ಭಾರತವನ್ನು ಇನ್ನೂ ಪ್ರವೇಶಿಸಿಲ್ಲ. ಹೊರದೇಶಕ್ಕೆ ಹೋದವರು ಅಲ್ಲಿನ ತೋಟದಿಂದ ಚೀಲದಲ್ಲಿ ನಾಲ್ಕು ಕಾಫಿಬೀಜವನ್ನು ನೆನಪಿಗೆಂದು ತರುವುದು ಎಂಥ ಅಪಾಯವೆಂಬುದನ್ನು ಇದಕ್ಕಿಂತ ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಕಳಸದ ಆ ತೋಟಗಳಲ್ಲಿ ಅರುವತ್ತು ಅಡಿ ಎತ್ತರದ ಮರಗಳಿಗೆ ಈಗ ಫೈಬರ್ ದೋಟಿಯಿಂದ ಮದ್ದು ಹೊಡೆಯುತ್ತಾರೆ. ಒಬ್ಬರು ಹೊಡೆದು, ಪಕ್ಕದವರು ಬಿಟ್ಟರೆ ಪ್ರಯೋಜನವಿಲ್ಲ; ಚುಕ್ಕೆಗೆ ಬೇಲಿ ತಿಳಿಯದು. ಒಂದು ಕಣಿವೆಯ ತೋಟಗಳವರೆಲ್ಲ ಕೂಡಿ ಒಂದೇ ಹೊಳವಿನಲ್ಲಿ ಕೆಲಸ ಮುಗಿಸಬೇಕು, ಒಣಗಿದ ಸೋಗೆಗಳನ್ನು ಕಡಿದು ಸುಡಬೇಕು. ಅರ್ಧ ಎಕರೆಯ ಸಣ್ಣ ಹಿಡುವಳಿದಾರನ ಕೈಯಲ್ಲಿ ದೋಟಿಗೂ ಆಳಿಗೂ ಹಣವಿಲ್ಲದಿದ್ದರೆ, ಆ ಕಣಿವೆಯ ದೊಡ್ಡ ತೋಟದವರೂ ಸಹಕಾರ ಸಂಘವೂ ಸರ್ಕಾರವೂ ಆತನ ಮರಗಳನ್ನು ತಮ್ಮವೆಂದೇ ಎಣಿಸಿ ಮದ್ದು ಹೊಡೆಸಬೇಕಾದುದು ನ್ಯಾಯ. ಲಾಭವೂ ಅದರಲ್ಲಿಯೇ ಇದೆ.

ಕಾಫಿ, ಮೆಣಸು, ಅಡಕೆ, ಏಲಕ್ಕಿ, ಅತ್ತಿ, ಗೋಣಿ, ಬೀಟೆ, ಹಾಲವಾಣ. ಇಷ್ಟು ಬಗೆಯ ಜೀವಗಳು ಒಂದೇ ಮಳೆಯಡಿ ಒಂದೇ ಗುಡ್ಡದಲ್ಲಿ ಬದುಕುವ ತೋಟಗಳು ಲೋಕದಲ್ಲಿ ವಿರಳ. ಇಷ್ಟು ಜೀವಗಳಿಗೆ ಅಷ್ಟೇ ಬಗೆಯ ರೋಗಗಳಿರುವುದು ಸಹಜ. ನಮ್ಮ ಮೇಸ್ತ್ರಿಯ ಕೊಳೆಯೆಂಬ ಮಾತನ್ನು ನಾವು ಬಿಡಬೇಕಾಗಿಲ್ಲ, ಅದು ನಮ್ಮ ಆಸ್ತಿ. ಆದರೆ ಆ ಮಾತನ್ನು ಕೇಳಿದೊಡನೆ ಮದ್ದಿನ ಅಂಗಡಿಗೆ ಓಡದೆ, ಯಾವ ಕೊಳೆಯೆಂದು ಕೇಳುವುದನ್ನು ಕಲಿಯಬೇಕಾಗಿದೆ. ಕೇಳಿದರೆ ಹೇಳುವವರು ಬಾಳೆಹೊನ್ನೂರಿನಲ್ಲಿಯೂ ಮೂಡಿಗೆರೆಯ ಸಂಶೋಧನಾ ಕೇಂದ್ರದಲ್ಲಿಯೂ ಇದ್ದಾರೆ. ಈ ಮಳೆಗಾಲದಲ್ಲಿ ಸಂಶಯ ಬಂದರೆ, ರೋಗ ಹಿಡಿದ ಎಲೆಯನ್ನು ಪೂರ್ತಿ ಒಣಗಿದ ಮೇಲಲ್ಲ, ಅರ್ಧ ಹಸುರು ಅರ್ಧ ಕಪ್ಪಾಗಿರುವಾಗಲೇ ಕೊಯ್ದು, ಬೇರುರೋಗವಾದರೆ ಬೇರಿನ ತುಂಡನ್ನು ಮಣ್ಣಿನ ಸಮೇತ ಎತ್ತಿ, ಅಲ್ಲಿಗೆ ಒಯ್ಯಿರಿ. ಎಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ. ಒಳಗೆ ಬೆವರಿ, ದಾರಿಯಲ್ಲಿಯೇ ಬೇರೆ ಬೂಸ್ಟು ಬೆಳೆದು, ಮೊದಲಿನ ರೋಗ ಯಾವುದೆಂಬುದೇ ತಿಳಿಯದಾಗುತ್ತದೆ. ಒಣಗಿದ ಪತ್ರಿಕೆಯ ಹಾಳೆಯ ನಡುವೆ ಮಡಚಿಟ್ಟು, ಅದೇ ದಿನ ತಲುಪಿಸಿರಿ.